ಕನ್ಸರ್ವೇಟರಿ ಕೆಡವಿ ಕೋಣೆ ಕಟ್ಟಿಸಿದೆವು: ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಕೈಹಾಕುವವರಿಗಾಗಿ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡ ನಮ್ಮವರಲ್ಲಿ ಅನೇಕರ ಹಿತ್ತಿಲಿನಲ್ಲಿ ಒಂದು ಕನ್ಸರ್ವೇಟರಿ ಇರುತ್ತದೆ. ಮೊಣಕಾಲೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ಪ್ಲಾಸ್ಟಿಕ್ ಚೌಕಟ್ಟಿನ ಗಾಜು, ಮೇಲೆ ಪಾಲಿಕಾರ್ಬೊನೇಟ್ ಮಾಡು. ಜನವರಿಯಲ್ಲಿ ಅಲ್ಲಿ ಕುಳಿತುಕೊಳ್ಳಲಾಗುವುದಿಲ್ಲ, ಜುಲೈಯಲ್ಲಿ ಕಾಲಿಡಲಾಗುವುದಿಲ್ಲ, ಮಳೆ ಬಂದರೆ ಫೋನಿನಲ್ಲಿ ಮಾತನಾಡಲೂ ಆಗುವುದಿಲ್ಲ. ಲಂಡನ್ನಿನ ಪಶ್ಚಿಮಕ್ಕಿರುವ ನಮ್ಮ ಮನೆಯಲ್ಲೂ ಅಂಥದೊಂದಿತ್ತು. ಮನೆ 1930ರ ದಶಕದ್ದು, ಒಂದು ಬದಿಯ ಗೋಡೆ ಪಕ್ಕದ ಮನೆಯೊಂದಿಗೆ ಕೂಡಿರುವ ಸೆಮಿ ಡಿಟ್ಯಾಚ್ಡ್.

ಊರಿನಿಂದ ಅಮ್ಮ ಬಂದಾಗಲೆಲ್ಲ ಮೆಟ್ಟಿಲು ಹತ್ತುವುದೇ ಅವರಿಗೆ ದೊಡ್ಡ ಕಷ್ಟ. ಮಂಡಿನೋವು ಹೆಚ್ಚಿದ ಮೇಲೆ ಹಾಲಿನ ಸೋಫಾದಲ್ಲೇ ಮಲಗತೊಡಗಿದರು. ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕೆಂದರೆ ಮಹಡಿಯನ್ನೇ ಹತ್ತಬೇಕು. ಗಾಜಿನ ಕೋಣೆಯನ್ನು ತೆಗೆದು ಅದೇ ಜಾಗದಲ್ಲಿ ಗಟ್ಟಿ ಗೋಡೆಯ ಮಲಗುವ ಕೋಣೆ ಮತ್ತು ಚಿಕ್ಕ ಬಚ್ಚಲುಮನೆ ಕಟ್ಟಿಸುವುದೆಂದು ನಿರ್ಧರಿಸಿದೆವು. ಕಟ್ಟಡ ಮುಗಿದ ಪ್ರಮಾಣಪತ್ರ ಈಗಷ್ಟೇ ಕೈಸೇರಿದೆ. ಎಲ್ಲವೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಲ್ಲಿ ಹೇಳುವುದು ಇಂಗ್ಲೆಂಡಿಗೆ ಮಾತ್ರ ಸಲ್ಲುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮಗಳು ಬೇರೆ.

ಮೊದಲು ಬಂದು ನೋಡಿದ ಬಿಲ್ಡರ್ ಬಹಳ ಧೈರ್ಯವಾಗಿ ಮಾತನಾಡಿದರು. "ಅಲ್ಲಿ ಈಗಾಗಲೇ ಕಟ್ಟಡ ಇದೆ. ಅದೇ ಅಳತೆಯಲ್ಲಿ ಕಟ್ಟುತ್ತೀರಿ. ಯಾರ ಅನುಮತಿಯೂ ಬೇಡ. ಕೇಳುವವರು ಬಂದರೂ ನಾಲ್ಕು ವರ್ಷ ಕಳೆದರೆ ಏನೂ ಮಾಡಲಾಗುವುದಿಲ್ಲ." ಪರಿಚಯದ ಮೂರು ನಾಲ್ಕು ಮನೆಯವರೂ ಇದೇ ಮಾತನ್ನು ಹೇಳಿದರು. ಇದರಲ್ಲಿ ಎರಡು ತಪ್ಪುಗಳಿವೆ, ಎರಡೂ ದುಬಾರಿಯಾದವು. ಕನ್ಸರ್ವೇಟರಿ ಅಲ್ಲಿ ನಿಂತಿದೆ ಎಂಬ ಕಾರಣಕ್ಕೆ ಅದೇ ಜಾಗದಲ್ಲಿ ಬೇರೊಂದನ್ನು ಕಟ್ಟುವ ಹಕ್ಕು ಹುಟ್ಟುವುದಿಲ್ಲ. ಕಾನೂನು ಅದನ್ನು ಹೊಸ ವಿಸ್ತರಣೆಯೆಂದೇ ನೋಡುತ್ತದೆ. ಇನ್ನು ನಾಲ್ಕು ವರ್ಷದ ಮಾತು ಹಳೆಯದಾಯಿತು. 2024ರ ಏಪ್ರಿಲ್ 25ರಂದು ಅಥವಾ ಅದರ ನಂತರ ಮುಗಿದ ಕಟ್ಟಡದ ಮೇಲೆ ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಹತ್ತು ವರ್ಷಗಳವರೆಗೆ ಕ್ರಮ ಕೈಗೊಳ್ಳಬಹುದು.

ಆ ಬಿಲ್ಡರನ್ನು ಬಿಟ್ಟು ನಕ್ಷೆ ಬರೆಯುವವರೊಬ್ಬರನ್ನು ಹಿಡಿದೆವು. ಅವರು ಮೊದಲ ಭೇಟಿಯಲ್ಲೇ ಅಳತೆಯ ಟೇಪನ್ನು ಕನ್ಸರ್ವೇಟರಿಯ ಗಾಜಿಗೆ ಹಿಡಿಯದೆ ಮನೆಯ ಹಿಂಬದಿ ಇಟ್ಟಿಗೆ ಗೋಡೆಗೆ ಹಿಡಿದರು. ಆ ಗೋಡೆಯಿಂದಲೇ ಎಲ್ಲ ಲೆಕ್ಕ ಶುರುವಾಗುತ್ತದೆ ಎಂದರು. ಮೂಲ ಮನೆ ಎಂದರೆ ಮೊದಲು ಕಟ್ಟಿದಾಗ ಇದ್ದ ಮನೆ. ಅದು 1948ಕ್ಕಿಂತ ಹಳೆಯದಾದರೆ ಆ ವರ್ಷದ ಜುಲೈ 1ರಂದು ಹೇಗಿತ್ತೋ ಹಾಗೆ. ಅದಾದ ಮೇಲೆ ಯಾರು ಏನು ಸೇರಿಸಿದ್ದರೂ ಅದು ವಿಸ್ತರಣೆಯ ಲೆಕ್ಕಕ್ಕೆ ಬರುತ್ತದೆ.

ಪೂರ್ಣ ಪ್ಲಾನಿಂಗ್ ಅರ್ಜಿ ಇಲ್ಲದೆಯೇ ಕಟ್ಟಬಹುದಾದದ್ದನ್ನು ಪರ್ಮಿಟೆಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಅದರಡಿ ಹಿಂಬದಿಗೆ ಒಂದು ಅಂತಸ್ತಿನ ಕೋಣೆಯನ್ನು ಡಿಟ್ಯಾಚ್ಡ್, ಅಂದರೆ ಯಾವ ಗೋಡೆಯೂ ಪಕ್ಕದವರೊಂದಿಗೆ ಕೂಡಿರದ, ಮನೆಯವರು ನಾಲ್ಕು ಮೀಟರ್ ಉದ್ದಕ್ಕೆ, ಉಳಿದವರು ಮೂರು ಮೀಟರ್ ಉದ್ದಕ್ಕೆ ಕಟ್ಟಿಕೊಳ್ಳಬಹುದು. ಒಟ್ಟು ಎತ್ತರ ನಾಲ್ಕು ಮೀಟರ್ ದಾಟಬಾರದು. ಬೇಲಿಯಿಂದ ಎರಡು ಮೀಟರ್ ಒಳಗೆ ಕಟ್ಟುವುದಾದರೆ ಸೂರಂಚು ಮೂರು ಮೀಟರಿಗಿಂತ ಎತ್ತರ ಇರಬಾರದು. ಮೂಲ ಮನೆಯನ್ನು ಬಿಟ್ಟು ಉಳಿದ ಜಾಗದ ಅರ್ಧಕ್ಕಿಂತ ಹೆಚ್ಚನ್ನು ಕಟ್ಟಡಗಳು ಆಕ್ರಮಿಸಬಾರದು. ಹಿತ್ತಿಲ ಶೆಡ್ಡೂ ಈ ಲೆಕ್ಕಕ್ಕೆ ಸೇರುತ್ತದೆ. ಹೊರಗೆ ಬಳಸುವ ಸಾಮಗ್ರಿ ಹಳೆಯ ಮನೆಯದನ್ನು ಹೋಲಬೇಕು. ಈ ಕೊನೆಯ ಷರತ್ತು ಕನ್ಸರ್ವೇಟರಿಗೆ ಇಲ್ಲ, ಗಟ್ಟಿ ಕೋಣೆಗೆ ಇದೆ.

ನಮ್ಮ ಗಾಜಿನ ಕೋಣೆ ಗೋಡೆಯಿಂದ ಮೂರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಹೊರಚಾಚಿತ್ತು. ಹಿಂದಿನ ಮಾಲೀಕರು ಅದಕ್ಕೆ ಪ್ಲಾನಿಂಗ್ ಅನುಮತಿ ಪಡೆದಿದ್ದರು. ಆ ಅನುಮತಿ ಆ ನಕ್ಷೆಯಲ್ಲಿದ್ದ ಕನ್ಸರ್ವೇಟರಿಗೆ ಮಾತ್ರ. ಅದೇ ಅಳತೆಯಲ್ಲಿ ಇಟ್ಟಿಗೆ ಕೋಣೆ ಕಟ್ಟಿದರೂ ಮೂರು ಮೀಟರಿನ ಮಿತಿ ದಾಟುತ್ತದೆ. ಇಲ್ಲಿ ಎರಡು ದಾರಿಗಳಿದ್ದವು. ಪೂರ್ಣ ಅರ್ಜಿ ಹಾಕುವುದು ಒಂದು. 2025ರ ಏಪ್ರಿಲ್ 1ರಂದು ಅದರ ಶುಲ್ಕ 258 ಪೌಂಡಿನಿಂದ ಒಮ್ಮೆಲೇ 528 ಪೌಂಡಿಗೆ ಏರಿತ್ತು. ಇನ್ನೊಂದು ದಾರಿ ದೊಡ್ಡ ವಿಸ್ತರಣೆಗೆಂದೇ ಇರುವ ಪ್ರಯರ್ ಅಪ್ರೂವಲ್, ಅಂದರೆ ಕಟ್ಟುವ ಮೊದಲು ಕೌನ್ಸಿಲ್ಲಿನಿಂದ ಪಡೆಯುವ ಸರಳ ಒಪ್ಪಿಗೆ. ಇದರಲ್ಲಿ ಸೆಮಿ ಮನೆಯವರು ಆರು ಮೀಟರ್, ಡಿಟ್ಯಾಚ್ಡ್ ಮನೆಯವರು ಎಂಟು ಮೀಟರ್‌ವರೆಗೆ ಹೋಗಬಹುದು. 2019ರಲ್ಲಿ ಇದನ್ನು ಶಾಶ್ವತಗೊಳಿಸಿದರು. ಆಗ ಇದರ ಶುಲ್ಕ 240 ಪೌಂಡು ಇತ್ತು. ಶುಲ್ಕಗಳು ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುವುದರಿಂದ ಅರ್ಜಿ ಹಾಕುವ ದಿನ ಮತ್ತೆ ನೋಡಿಕೊಳ್ಳಿ. ನಾವು ಎರಡನೆಯದನ್ನು ಆರಿಸಿಕೊಂಡೆವು. ಹೇಗೂ ಅರ್ಜಿ ಹಾಕಲೇಬೇಕಾದ್ದರಿಂದ ಬಚ್ಚಲುಮನೆಗೆ ಜಾಗ ಸಾಲಲೆಂದು ಉದ್ದವನ್ನು ನಾಲ್ಕು ಮೀಟರಿಗೆ ಏರಿಸಿದೆವು.

ಹಣ ಖರ್ಚಾಗುವ ಮೊದಲೇ ಮಾಡಬೇಕಾದ ಒಂದು ಪರಿಶೀಲನೆ ಇದೆ. ನಿಮ್ಮ ಮನೆಗೆ ಪೂರ್ಣ ಅರ್ಜಿಯಿಲ್ಲದೆ ಕಟ್ಟುವ ಈ ಹಕ್ಕುಗಳು ಇವೆಯೇ ಎಂಬುದು. ಫ್ಲ್ಯಾಟುಗಳಿಗೆ ಇಲ್ಲ. ಹೊಸ ಬಡಾವಣೆಗಳ ಎಷ್ಟೋ ಮನೆಗಳಿಗೆ ಬಡಾವಣೆಗೆ ಅನುಮತಿ ಕೊಡುವಾಗಲೇ ಷರತ್ತು ಹಾಕಿ ಇವನ್ನು ತೆಗೆದುಹಾಕಿರುತ್ತಾರೆ. ಕೆಲವು ಪ್ರದೇಶಗಳಲ್ಲಿ ಇವನ್ನು ಹಿಂದಕ್ಕೆ ಪಡೆಯುವ ಆರ್ಟಿಕಲ್ 4 ಆದೇಶ ಇರುತ್ತದೆ. ಹಳೆಯ ಸ್ವರೂಪ ಕಾಪಾಡಲೆಂದು ಗುರುತಿಸಿದ ಕನ್ಸರ್ವೇಶನ್ ಪ್ರದೇಶದಲ್ಲಿ ಆರು ಮೀಟರಿನ ದಾರಿ ಸಿಗುವುದಿಲ್ಲ. ಕೌನ್ಸಿಲ್ಲಿನ ಜಾಲತಾಣದಲ್ಲಿ ನಿಮ್ಮ ವಿಳಾಸದ ಹಳೆಯ ಅನುಮತಿಗಳು ಸಿಗುತ್ತವೆ. ಅವುಗಳ ಷರತ್ತುಗಳನ್ನು ಒಂದೊಂದಾಗಿ ಓದಿ. ಮನೆಯ ಹಕ್ಕುಪತ್ರದಲ್ಲಿ ಹಳೆಯ ನಿರ್ಬಂಧಗಳಿದ್ದರೆ ಅವು ಪ್ಲಾನಿಂಗಿಗೆ ಸಂಬಂಧಪಡದೆ ಪ್ರತ್ಯೇಕವಾಗಿ ಕಾಡುತ್ತವೆ. ಮನೆ ಸಾಲ ಇದ್ದರೆ ಬ್ಯಾಂಕಿಗೂ ಒಂದು ಮಾತು ತಿಳಿಸಬೇಕು.

ಪ್ರಯರ್ ಅಪ್ರೂವಲ್ ಅರ್ಜಿಯಲ್ಲಿ ಹೆಚ್ಚೇನೂ ಕೇಳುವುದಿಲ್ಲ. ಉದ್ದ, ಎತ್ತರ, ಸೂರಂಚಿನ ಎತ್ತರ, ಜಾಗದ ನಕ್ಷೆ, ಹೊಂದಿಕೊಂಡ ಮನೆಗಳ ವಿಳಾಸ. ಅದಾದ ಮೇಲೆ ಕೌನ್ಸಿಲ್ ಪಕ್ಕದವರಿಗೆ ಪತ್ರ ಬರೆಯುತ್ತದೆ. ಆಕ್ಷೇಪಿಸಲು ಅವರಿಗೆ ಕನಿಷ್ಠ 21 ದಿನ. ಯಾರೂ ಆಕ್ಷೇಪಿಸದಿದ್ದರೆ ನೆರೆಯವರ ಬೆಳಕು, ಗಾಳಿ, ನೆಮ್ಮದಿಯ ವಿಚಾರವನ್ನು ಕೌನ್ಸಿಲ್ ತೂಗಿ ನೋಡುವುದೇ ಇಲ್ಲ. ಒಬ್ಬರೇ ಆಕ್ಷೇಪಿಸಿದರೂ ನೋಡಲೇಬೇಕು. ಒಟ್ಟು 42 ದಿನಗಳೊಳಗೆ ತೀರ್ಮಾನ ತಿಳಿಸಬೇಕು.

ಕೂಡು ಗೋಡೆಯ ಆಚೆ ಇರುವ ಹಿರಿಯ ದಂಪತಿ ನಮಗೆ ಬಹಳ ಬೇಕಾದವರು. ಅರ್ಜಿ ಹಾಕುವ ಮೊದಲು ನಕ್ಷೆ ಹಿಡಿದು ಅವರ ಮನೆಗೆ ಹೋಗಿದ್ದೆವು. ಚಹಾ ಕುಡಿಸಿ, ಅಮ್ಮನಿಗಾಗಿ ಎಂದು ಕೇಳಿ ಸಂತೋಷಪಟ್ಟರು. ಆದರೆ ಕೌನ್ಸಿಲ್ಲಿನ ಪತ್ರ ಬಂದ ಮೇಲೆ ಅದನ್ನು ಓದಿದ ಅವರ ಮಗ, ಅಡುಗೆಮನೆಯ ಕಿಟಕಿಗೆ ಬೆಳಕು ತಪ್ಪುತ್ತದೆಂದು ಆಕ್ಷೇಪ ಸಲ್ಲಿಸಿದರು. ಆ ಸಂಜೆ ನಮಗೆ ಊಟ ಸೇರಲಿಲ್ಲ. ಬೇಲಿಯಾಚೆಯಿಂದ ಮಾತನಾಡಿ ಮುಗಿದ ವಿಷಯ ಮತ್ತೆ ಕಾಗದದ ಮೇಲೆ ದೂರಾಗಿ ಬಂದದ್ದು ಮನಸ್ಸಿಗೆ ನಾಟಿತು. ಆದರೆ ಆ ಮಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ನಕ್ಷೆಗಾರರು ಅವರ ಕಿಟಕಿಯ ನಡುವಿನಿಂದ 45 ಡಿಗ್ರಿ ಗೆರೆ ಎಳೆದು, ನಮ್ಮ ಗೋಡೆ ಅದನ್ನು ಎಲ್ಲಿ ಮುಟ್ಟುತ್ತದೆಂದು ತೋರಿಸಿ, ಸೂರಂಚು ಮೂರು ಮೀಟರಿಗಿಂತ ತಗ್ಗಿನಲ್ಲೇ ಇರುವುದನ್ನು ಬರೆದು ಕಳುಹಿಸಿದರು. ಅಧಿಕಾರಿ ಬಂದು ಹಿತ್ತಿಲು ನೋಡಿದರು. ಗಡುವು ಮುಗಿಯುವ ಹೊತ್ತಿಗೆ ಒಪ್ಪಿಗೆ ಬಂತು.

ಈ ಹಂತದಲ್ಲಿ ಕಲಿತ ಒಂದು ವಿಷಯ: ಎತ್ತರವನ್ನು ಕಟ್ಟಡಕ್ಕೆ ತಾಗಿರುವ ನೆಲದ ಅತಿ ಎತ್ತರದ ಬಿಂದುವಿನಿಂದ ಅಳೆಯುತ್ತಾರೆ. ಹಿತ್ತಿಲು ಇಳಿಜಾರಾಗಿದ್ದರೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಕನ್ಸರ್ವೇಟರಿಗೆಂದು ಹಿಂದಿನವರು ಮಣ್ಣು ತುಂಬಿ ಎತ್ತರಿಸಿದ ಕಟ್ಟೆಯನ್ನು ನೆಲವೆಂದು ಹಿಡಿಯುವಂತಿಲ್ಲ, ಸ್ವಾಭಾವಿಕ ನೆಲವೇ ಲೆಕ್ಕ.

ಪ್ರಯರ್ ಅಪ್ರೂವಲ್ ಬಂದರೂ ಕಟ್ಟಡ ಕಾನೂನುಬದ್ಧವೆಂದು ಹೇಳುವ ಪತ್ರ ಕೈಯಲ್ಲಿರುವುದಿಲ್ಲ. ಅದಕ್ಕೆ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ಬೇರೆ ಇದೆ. ಶುಲ್ಕ ಪೂರ್ಣ ಅರ್ಜಿಯ ಅರ್ಧ, ಆಗ 264 ಪೌಂಡು ಇತ್ತು. ಎಂಟು ವಾರಗಳ ಅವಧಿ. ಕಡ್ಡಾಯವಲ್ಲ. ಆದರೂ ತೆಗೆದುಕೊಳ್ಳಿ ಎಂದೇ ನಾನು ಒತ್ತಿ ಹೇಳುತ್ತೇನೆ. ಮನೆ ಮಾರುವ ದಿನ ಕೊಳ್ಳುವವರ ವಕೀಲರು ಕೇಳುವುದು ಇದನ್ನೇ. ಮೂರು ಮೀಟರಿನೊಳಗೆ ಕಟ್ಟುವವರು ಪ್ರಯರ್ ಅಪ್ರೂವಲ್ ಇಲ್ಲದೆ ನೇರವಾಗಿ ಈ ಪತ್ರವನ್ನೇ ಪಡೆಯಬಹುದು.

ಊರಿನಲ್ಲಿ ಅಪ್ಪ ಮನೆ ಕಟ್ಟಿಸಿದಾಗ ನಗರಸಭೆಯ ಮೊಹರು ಬಿದ್ದ ಒಂದು ನಕ್ಷೆಯ ಸುತ್ತಲೇ ಎಲ್ಲವೂ ನಡೆದಿತ್ತು. ಸೆಟ್‌ಬ್ಯಾಕ್, ಎತ್ತರ, ಪರವಾನಗಿ ಎಲ್ಲಕ್ಕೂ ಅದೇ ಆಧಾರ. ಅದೇ ಎಣಿಕೆಯಲ್ಲಿ ಇಲ್ಲಿಯೂ ಪ್ಲಾನಿಂಗ್ ಮುಗಿದರೆ ಎಲ್ಲ ಮುಗಿಯಿತು ಎಂದು ನಮ್ಮವರು ತಿಳಿಯುತ್ತಾರೆ. ಇಲ್ಲಿ ಪ್ಲಾನಿಂಗ್ ನೋಡುವುದು ಹೊರಗಿನ ಆಕಾರವನ್ನು ಮಾತ್ರ. ಕಟ್ಟಡ ಗಟ್ಟಿಯಾಗಿದೆಯೇ, ಬೆಚ್ಚಗಿದೆಯೇ ಎಂದು ನೋಡುವುದು ಬಿಲ್ಡಿಂಗ್ ಕಂಟ್ರೋಲ್. ನೆರೆಯವರ ಗೋಡೆಗೆ ಧಕ್ಕೆಯಾಗದಂತೆ ಕಾಯುವುದು 1996ರ ಪಾರ್ಟಿ ವಾಲ್ ಕಾಯ್ದೆ. ನೆಲದಡಿಯ ಕೊಳವೆಗೆ ಒಡೆಯರು ನೀರಿನ ಕಂಪನಿಯವರು. ಒಬ್ಬರ ಒಪ್ಪಿಗೆ ಇನ್ನೊಬ್ಬರಿಗೆ ಸಲ್ಲುವುದಿಲ್ಲ.

ನಮ್ಮನ್ನು ಅತಿ ಹೆಚ್ಚು ಕಾಯಿಸಿದ್ದು ಈ ಕೊನೆಯದು. ಕನ್ಸರ್ವೇಟರಿಯ ಮರದ ನೆಲಹಾಸನ್ನು ಒಂದು ಮೂಲೆಯಲ್ಲಿ ಎತ್ತಿ ನೋಡಿದಾಗ ಕೆಳಗೆ ಮ್ಯಾನ್‌ಹೋಲಿನ ಮುಚ್ಚಳ ಕಂಡಿತು. ಪಕ್ಕದ ಮನೆಯ ಬಚ್ಚಲ ನೀರು ನಮ್ಮ ಹಿತ್ತಿಲಡಿಯಲ್ಲೇ ಹರಿದು ಹೋಗುತ್ತಿತ್ತು. ಹೀಗೆ ಒಂದಕ್ಕಿಂತ ಹೆಚ್ಚು ಮನೆಗಳ ಕೊಳಚೆ ಸಾಗಿಸುವ ಕೊಳವೆಗಳು 2011ರ ಅಕ್ಟೋಬರ್ 1ರಿಂದ ನೀರಿನ ಕಂಪನಿಗಳ ಸ್ವತ್ತು. ಅಂಥ ಕೊಳವೆಯ ಮೇಲೆ ಅಥವಾ ಅದರಿಂದ ಮೂರು ಮೀಟರಿನೊಳಗೆ ಕಟ್ಟಬೇಕಾದರೆ ಕಂಪನಿಯೊಂದಿಗೆ ಬಿಲ್ಡ್ ಓವರ್ ಒಪ್ಪಂದ ಬೇಕು. ಕೋಣೆಯ ಒಳಗೆ ಮ್ಯಾನ್‌ಹೋಲ್ ಉಳಿಸಿಕೊಳ್ಳಲು ಅವರು ಒಪ್ಪಲಿಲ್ಲ. ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ಚಿತ್ರ ತೆಗೆಸಿದೆವು, ಹೊಸ ಮ್ಯಾನ್‌ಹೋಲನ್ನು ಹೊರಗೆ ಹಿತ್ತಿಲಲ್ಲಿ ತೋರಿಸಿ ನಕ್ಷೆ ತಿದ್ದಿಸಿದೆವು, ಕೊಳವೆ ಗೋಡೆಯಡಿ ಹಾಯುವ ಜಾಗದಲ್ಲಿ ಮೇಲಿನ ಭಾರ ಅದರ ಮೇಲೆ ಬೀಳದಂತೆ ಲಿಂಟಲ್ ತೋರಿಸಿದೆವು. ಪ್ರತಿ ತಿದ್ದುಪಡಿಗೂ ಕಂಪನಿಯ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಯಿತು. ಅಮ್ಮ ಆ ನಡುವೆ ಫೋನಿನಲ್ಲಿ "ನನಗಾಗಿ ಇಷ್ಟೆಲ್ಲ ಯಾಕೆ ಮಾಡುತ್ತೀರಪ್ಪ, ಬಿಟ್ಟುಬಿಡಿ" ಎಂದಾಗ ಕಣ್ಣು ತುಂಬಿ ಬಂತು.

ಆದ್ದರಿಂದ ನಕ್ಷೆ ಬರೆಸುವ ಮೊದಲೇ ನೆಲ ಎತ್ತಿ ನೋಡಿ. ಮ್ಯಾನ್‌ಹೋಲ್ ಕಂಡರೆ ನೀರಿನ ಕಂಪನಿಯ ಅರ್ಜಿಯನ್ನು ಪ್ಲಾನಿಂಗ್ ಅರ್ಜಿಯ ಜೊತೆಯಲ್ಲೇ ಹಾಕಿ, ಒಂದರ ನಂತರ ಒಂದೆಂದು ಕಾಯಬೇಡಿ.

ಬಿಲ್ಡಿಂಗ್ ಕಂಟ್ರೋಲಿನ ವಿಷಯ. ಮೂವತ್ತು ಚದರ ಮೀಟರಿಗಿಂತ ಚಿಕ್ಕದಾದ, ಮನೆಯಿಂದ ಬಾಗಿಲು ಗೋಡೆಗಳಿಂದ ಬೇರ್ಪಟ್ಟ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ಬಹುಮಟ್ಟಿಗೆ ವಿನಾಯಿತಿ ಇದೆ. ಅದಕ್ಕೇ ಅವುಗಳ ಪಾಯ ಅಷ್ಟು ತೆಳುವಾಗಿರುತ್ತದೆ. ಗಟ್ಟಿ ಕೋಣೆಗೆ ವಿನಾಯಿತಿ ಇಲ್ಲ. ಹಳೆಯ ಗೋಡೆಗಳನ್ನೇ ಉಳಿಸಿಕೊಂಡು ಮೇಲೆ ಹೆಂಚಿನ ಮಾಡು ಕೂರಿಸಿಕೊಡುತ್ತೇವೆ ಎನ್ನುವ ಕಂಪನಿಗಳ ಜಾಹೀರಾತು ಬಹಳ ಕಾಣುತ್ತದೆ. ಅದಕ್ಕೂ ಬಿಲ್ಡಿಂಗ್ ಕಂಟ್ರೋಲ್ ಒಪ್ಪಿಗೆ ಬೇಕು, ಮತ್ತು ಹಳೆಯ ಪಾಯ ಆ ಭಾರ ಹೊರುತ್ತದೆಯೇ ಎಂದು ಮೊದಲು ಅಗೆದು ನೋಡಬೇಕು. ನಮ್ಮಲ್ಲಿ ಅಗೆದು ನೋಡಿದಾಗ ಒಂದಡಿಯಷ್ಟು ಕಾಂಕ್ರೀಟ್, ಅದರ ಕೆಳಗೆ ಬರೀ ಜೇಡಿಮಣ್ಣು. ಆ ಆಸೆಯನ್ನು ಅಲ್ಲಿಗೇ ಬಿಟ್ಟೆವು.

ಬಿಲ್ಡಿಂಗ್ ಕಂಟ್ರೋಲ್ ಒಪ್ಪಿಗೆಗೆ ಕೌನ್ಸಿಲ್ಲಿನವರ ಬಳಿಗಾದರೂ ಹೋಗಬಹುದು, ನೋಂದಾಯಿತ ಖಾಸಗಿಯವರ ಬಳಿಗಾದರೂ ಹೋಗಬಹುದು. ಕೌನ್ಸಿಲ್ಲಿನಲ್ಲಿ ಬಿಲ್ಡಿಂಗ್ ನೋಟಿಸ್ ಎಂಬ ಚುಟುಕು ದಾರಿಯೂ ಇದೆ, ಆದರೆ ಸಾರ್ವಜನಿಕ ಕೊಳವೆಯ ಹತ್ತಿರ ಕಟ್ಟುವವರಿಗೆ ಅದು ಸಿಗುವುದಿಲ್ಲ. ಪೂರ್ಣ ನಕ್ಷೆಗಳನ್ನೇ ಸಲ್ಲಿಸಬೇಕು. ಸಲ್ಲಿಸಿದ್ದು ಒಳ್ಳೆಯದೇ ಆಯಿತು. ತಪ್ಪುಗಳೆಲ್ಲ ಕಾಗದದ ಮೇಲೆಯೇ ಸಿಕ್ಕವು. ಅವುಗಳಲ್ಲಿ ಮುಖ್ಯವಾದದ್ದು ಗಾಜಿನ ಲೆಕ್ಕ. ಹೊಸ ಕೋಣೆಯಲ್ಲಿ ಗಾಜಿನ ವಿಸ್ತೀರ್ಣ ನೆಲದ ಕಾಲು ಭಾಗವನ್ನು ದಾಟಬಾರದು. ಅದಕ್ಕೆ ಹೊಸ ಕೋಣೆಯಿಂದ ಮುಚ್ಚಿಹೋಗುವ ಹಳೆಯ ಕಿಟಕಿ ಬಾಗಿಲುಗಳ ವಿಸ್ತೀರ್ಣವನ್ನು ಕೂಡಿಸಿಕೊಳ್ಳಬಹುದು. ನಮ್ಮ ನೆಲ ಸುಮಾರು ಹದಿನೈದು ಚದರ ಮೀಟರ್, ಕಾಲು ಭಾಗವೆಂದರೆ ಮೂರೂಮುಕ್ಕಾಲು. ಹಳೆಯ ಬಾಗಿಲು ಕಿಟಕಿ ಸೇರಿಸಿದರೆ ಏಳು ಚದರ ಮೀಟರ್ ದಾಟಿತು ಅಷ್ಟೇ. ಗೋಡೆಯಗಲದ ಮಡಿಸುವ ಗಾಜಿನ ಬಾಗಿಲು, ಜೊತೆಗೆ ದೊಡ್ಡ ಬೆಳಕಿಂಡಿ ಎರಡೂ ಅದರಲ್ಲಿ ಹಿಡಿಸುವುದಿಲ್ಲ. ಬೇಕೇ ಬೇಕೆನ್ನುವವರು ಶಾಖ ಸೋರಿಕೆಯ ಪ್ರತ್ಯೇಕ ಲೆಕ್ಕ ಮಾಡಿಸಿ, ಬೇರೆ ಕಡೆ ಇನ್ಸುಲೇಷನ್ ಹೆಚ್ಚಿಸಿ ತೋರಿಸಬೇಕು. ನಾವು ಬೆಳಕಿಂಡಿಯನ್ನು ಚಿಕ್ಕದು ಮಾಡಿದೆವು. ಹಿಂಬದಿ ಗೋಡೆಯನ್ನು ಒಡೆಯದೆ ಹಳೆಯ ಬಾಗಿಲಿನ ಜಾಗವನ್ನೇ ಬಳಸಿಕೊಂಡಿದ್ದರಿಂದ ಉಕ್ಕಿನ ತೊಲೆಯ ಖರ್ಚೂ ಉಳಿಯಿತು.

ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ, ಪಕ್ಕದ ಮನೆಯಿಂದ ಮೂರು ಮೀಟರಿನೊಳಗೆ ಅವರ ಪಾಯಕ್ಕಿಂತ ಆಳವಾಗಿ ಅಗೆಯುವುದಾದರೆ ಒಂದು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಕೂಡು ಗೋಡೆಯಲ್ಲೇ ಕೆಲಸವಿದ್ದರೆ ಎರಡು ತಿಂಗಳು. ನೋಟಿಸ್ ಸಿಕ್ಕವರು 14 ದಿನಗಳಲ್ಲಿ ಬರೆದು ಒಪ್ಪಬೇಕು. ಬಾಯಿಮಾತಿನ ಒಪ್ಪಿಗೆ ನಡೆಯುವುದಿಲ್ಲ. ಉತ್ತರ ಬಾರದಿದ್ದರೆ ವಿವಾದ ಇದೆ ಎಂದೇ ಕಾಯ್ದೆ ಭಾವಿಸುತ್ತದೆ. ನಮ್ಮ ನೆರೆಯ ದಂಪತಿ ಆಗ ಮಗಳ ಮನೆಗೆ ಹೋಗಿದ್ದರು, ನೋಟಿಸ್ ಬಾಗಿಲಲ್ಲೇ ಉಳಿಯಿತು, ಅವಧಿ ದಾಟಿತು. ಕೊನೆಗೆ ಎರಡೂ ಮನೆಯವರು ಸೇರಿ ಒಬ್ಬನೇ ಸರ್ವೇಯರನ್ನು ಒಪ್ಪಿಕೊಂಡೆವು. ಇಬ್ಬರು ಬೇರೆ ಬೇರೆ ನೇಮಿಸಿಕೊಂಡಿದ್ದರೆ ಖರ್ಚು ಇಮ್ಮಡಿಯಾಗುತ್ತಿತ್ತು, ಅದೂ ಸಾಮಾನ್ಯವಾಗಿ ಕಟ್ಟಿಸುವವರದೇ. ಸರ್ವೇಯರ್ ಬಂದು ಅವರ ಗೋಡೆಯ ಬಿರುಕುಗಳನ್ನೆಲ್ಲ ಮೊದಲೇ ಚಿತ್ರ ತೆಗೆದು ದಾಖಲಿಸಿದರು. ಮುಂದೆ ಹೊಸ ಬಿರುಕು ಯಾವುದು, ಹಳೆಯದು ಯಾವುದು ಎಂಬ ಮಾತೇ ಬರದಂತೆ ಅದು ಇಬ್ಬರನ್ನೂ ಕಾಪಾಡಿತು. ಆ ಮಗನೂ ಅಂದು ಬಂದಿದ್ದರು. ಪಾಯದ ನಕ್ಷೆಯನ್ನು ಬಿಡಿಸಿ ತೋರಿಸಿದ ಮೇಲೆ ಅವರ ಆತಂಕ ಬಹಳಷ್ಟು ಇಳಿಯಿತು. ನೀವು ನೋಟಿಸನ್ನು ನೇರವಾಗಿ ನೆರೆಯವರ ಕೈಗೇ ಕೊಡಿ. ಒಪ್ಪಿಗೆಯ ಕಾಗದವನ್ನೂ ಮುದ್ರಿಸಿಕೊಂಡು ಹೋಗಿ, ಓದಲು ಸಮಯ ಕೊಟ್ಟು, ಸಹಿ ಹಾಕಿಸಿಕೊಂಡು ಬನ್ನಿ.

ಕೆಲಸ ಶುರುವಾದ ಮೊದಲ ವಾರದಲ್ಲೇ ಗಾಜು ಚೌಕಟ್ಟುಗಳು ಹೋದವು. ಪಾಯದ ಅಗೆತದಲ್ಲಿ ಮತ್ತೆ ನಿಂತೆವು. ಒಂದು ಮೀಟರ್ ಆಳ ಸಾಕೆಂದು ಅಂದಾಜಿತ್ತು. ತಪಾಸಣೆಗೆ ಬಂದ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಹಳ್ಳದೊಳಗಿನ ಜೇಡಿಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿದರು, ಬೇಲಿಯಾಚೆಯ ಓಕ್ ಮರವನ್ನು ನೋಡಿದರು. ಮರದ ಬೇರು ನೀರು ಹೀರಿದಂತೆ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಚಳಿಗಾಲದಲ್ಲಿ ಉಬ್ಬುತ್ತದೆ. ಪಾಯ ಆ ಚಲನೆಗಿಂತ ಕೆಳಗಿರಬೇಕು. ಎರಡು ಮೀಟರಿನ ಹತ್ತಿರ ಇಳಿಸಲು ಹೇಳಿದರು. ಹೆಚ್ಚುವರಿ ಅಗೆತ, ಮಣ್ಣು ಸಾಗಣೆ, ಕಾಂಕ್ರೀಟ್, ಅದನ್ನು ಹಿತ್ತಿಲಿಗೆ ತಲುಪಿಸುವ ಪಂಪ್ ಎಲ್ಲ ಸೇರಿ ಮೂರು ಸಾವಿರ ಪೌಂಡಿಗೂ ಮೇಲಾಯಿತು. ಮಣ್ಣು ಜೇಡಿಯಾಗಿದ್ದು ಹತ್ತಿರದಲ್ಲಿ ದೊಡ್ಡ ಮರವಿದ್ದರೆ ಈ ಹಣವನ್ನು ಮೊದಲೇ ಎತ್ತಿಡಿ. ಮರಕ್ಕೆ ರಕ್ಷಣೆಯ ಆದೇಶ ಇದ್ದರೆ ಕೌನ್ಸಿಲ್ಲಿನ ಒಪ್ಪಿಗೆಯಿಲ್ಲದೆ ಬೇರು ಕಡಿಯುವುದೂ ಅಪರಾಧ.

ಇಟ್ಟಿಗೆ ಹೊಂದಿಸುವುದೂ ಸುಲಭವಾಗಿರಲಿಲ್ಲ. ಈಗಿನ ಇಟ್ಟಿಗೆ 65 ಮಿಲಿಮೀಟರ್ ಎತ್ತರ, ನಮ್ಮ ಹಳೆಯ ಮನೆಯದು ಅದಕ್ಕಿಂತ ದಪ್ಪ. ಹೊಸ ವರಸೆ ಹಳೆಯದಕ್ಕೆ ಸೇರುವುದೇ ಇಲ್ಲ. ಹಳೆಯ ಕಟ್ಟಡಗಳಿಂದ ಬಿಡಿಸಿದ ಇಟ್ಟಿಗೆ ಮಾರುವ ಅಂಗಳಗಳಲ್ಲಿ ಹುಡುಕಿ ತಂದೆವು.

ಕಾಗದಪತ್ರಗಳಿಗೇ, ಅಂದರೆ ನಕ್ಷೆ, ಎಂಜಿನಿಯರ್, ಶುಲ್ಕಗಳು, ಸರ್ವೇಯರ್, ಕೊಳವೆಯ ಕ್ಯಾಮೆರಾ ಎಲ್ಲಕ್ಕೂ ಸೇರಿ, ಐದು ಸಾವಿರ ಪೌಂಡು ದಾಟಿತು. ಮ್ಯಾನ್‌ಹೋಲ್ ಸರಿಸಿದ ಖರ್ಚು ಇದಕ್ಕೆ ಹೊರತು. ಬಿಲ್ಡರುಗಳ ಅಂದಾಜುಪಟ್ಟಿ ಹೋಲಿಸುವಾಗ ಶೇಕಡಾ 20ರ ವ್ಯಾಟ್ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಅಗ್ಗವಾಗಿ ಕಂಡ ಪಟ್ಟಿಯಲ್ಲಿ ಅದು ಇರಲಿಲ್ಲ.

ಕೊನೆಯ ಕಂತಿನ ಹಣವನ್ನು ಕಂಪ್ಲೀಷನ್ ಸರ್ಟಿಫಿಕೇಟ್ ಬರುವವರೆಗೆ ಹಿಡಿದಿಡುವುದಾಗಿ ಒಪ್ಪಂದದಲ್ಲೇ ಬರೆಸಿದ್ದೆವು. ವಿದ್ಯುತ್ ಕೆಲಸದ ಪ್ರಮಾಣಪತ್ರ ಬರಲು ತಡವಾದಾಗ ಅದೇ ನೆರವಿಗೆ ಬಂತು. ಸರ್ಟಿಫಿಕೇಟ್ ಸಿಕ್ಕ ಮೇಲೂ ಎರಡು ಪತ್ರ ಬರೆಯುವುದಿರುತ್ತದೆ. ಪ್ರಯರ್ ಅಪ್ರೂವಲಿನಡಿ ಕಟ್ಟಿದವರು ಕೆಲಸ ಮುಗಿದುದನ್ನು ಕೌನ್ಸಿಲ್ಲಿಗೆ ಬರೆದು ತಿಳಿಸಬೇಕೆಂಬ ಷರತ್ತು ಇದೆ, ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಇನ್ನೊಂದು ಮನೆ ವಿಮೆಯವರಿಗೆ. ಅವರಿಗೆ ನಾವು ಕೆಲಸ ಶುರುವಾಗುವ ಮೊದಲೂ ತಿಳಿಸಿದ್ದೆವು. ಕೌನ್ಸಿಲ್ ತೆರಿಗೆ ತಕ್ಷಣ ಏರುತ್ತದೆಯೇ ಎಂದು ಹಲವರು ಕೇಳಿದ್ದಾರೆ. ಏರುವುದಿಲ್ಲ. ವಿಸ್ತರಣೆಯ ಕಾರಣಕ್ಕೆ ಬ್ಯಾಂಡನ್ನು, ಅಂದರೆ ಮನೆಯ ತೆರಿಗೆ ದರ್ಜೆಯನ್ನು, ಮರುಪರಿಶೀಲಿಸುವುದು ಮನೆ ಮಾರಾಟವಾದಾಗ.